ಹಡಗು ಹತ್ತದೆ ಉಳಿದವರು

1989ರ ಜೂನ್ 1ರಂದು ಕೊಲಂಬೊ ಪಕ್ಕದ ಬತ್ತರಮುಲ್ಲೆಯಲ್ಲಿ ನಡೆದ ಸಭೆಯೊಂದರಲ್ಲಿ ಶ್ರೀಲಂಕಾದ ಅಧ್ಯಕ್ಷ ರಣಸಿಂಘೆ ಪ್ರೇಮದಾಸ ಭಾರತದ ಸೇನೆಗೆ ಗಡುವು ಕೊಟ್ಟರು. ಜುಲೈ 29ರೊಳಗೆ ಕೊನೆಯ ಜವಾನನೂ ದ್ವೀಪ ಬಿಟ್ಟಿರಬೇಕು. ದೆಹಲಿಗೆ ಪತ್ರ ಹೋದದ್ದು ಆಮೇಲೆ. ಮೊದಲು ಹೇಳಿದ್ದು ಜನರ ಮುಂದೆ, ಮೈಕಿನಲ್ಲಿ. ತಾರೀಖನ್ನೂ ಬೇಕೆಂದೇ ಆರಿಸಿದ್ದರು. ಎರಡು ವರ್ಷದ ಹಿಂದೆ ಅದೇ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಆಗಿನ ಅಧ್ಯಕ್ಷ ಜೆ.ಆರ್. ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಅದರ ಬೆನ್ನಿಗೇ ಭಾರತದ ಶಾಂತಿಪಾಲನಾ ಪಡೆ ಜಾಫ್ನಾದಲ್ಲಿ ಇಳಿದಿತ್ತು. ಆಗ ಪ್ರಧಾನಿಯಾಗಿದ್ದ ಪ್ರೇಮದಾಸರಿಗೆ ಒಪ್ಪಂದ ಒಂದಿಷ್ಟೂ ಇಷ್ಟವಿರಲಿಲ್ಲ, ಸಹಿ ಸಮಾರಂಭಕ್ಕೂ ಬಂದಿರಲಿಲ್ಲ. ಈಗ ಅಧಿಕಾರ ಅವರ ಕೈಯಲ್ಲಿತ್ತು.

ಗಡುವು ಕೊಟ್ಟ ದಿನ ಉತ್ತರ ಮತ್ತು ಪೂರ್ವ ಶ್ರೀಲಂಕಾದಲ್ಲಿ ಭಾರತದ ನಲವತ್ತು ಸಾವಿರಕ್ಕೂ ಹೆಚ್ಚು ಸೈನಿಕರಿದ್ದರು. ಅವರು ಅಲ್ಲಿರುವುದು ಯಾರಿಗೆ ಬೇಕಾಗಿತ್ತು ಎಂದು ಹುಡುಕಲು ಹೊರಟರೆ ಪಟ್ಟಿ ಬೇಗ ಮುಗಿಯುತ್ತದೆ. ಸಿಂಹಳೀಯರಿಗೆ ಅದು ಪರದೇಶದ ಆಕ್ರಮಣ. ದಕ್ಷಿಣದಲ್ಲಿ ಜನತಾ ವಿಮುಕ್ತಿ ಪೆರಮುನ, ಅಂದರೆ ಜೆವಿಪಿ, ಅದನ್ನೇ ಬಾವುಟ ಮಾಡಿಕೊಂಡು ಊರೂರಿನಲ್ಲಿ ಕೊಲೆ ನಡೆಸಿತ್ತು. ಜಾಫ್ನಾದ ತಮಿಳರು 1987ರ ಆಗಸ್ಟಿನಲ್ಲಿ ಹಾರ ಹಾಕಿದ ಸೈನ್ಯವನ್ನೇ ಅಕ್ಟೋಬರಿನಲ್ಲಿ ಶಪಿಸುತ್ತಿದ್ದರು. ತಮಿಳುನಾಡಿಗೆ ಅದು ತಮಿಳರನ್ನು ಕೊಲ್ಲುವ ಸೇನೆ. ಭಾರತದ ಉಳಿದ ಭಾಗಕ್ಕೆ ಅಂಥದೊಂದು ಯುದ್ಧ ನಡೆದಿದೆ ಎಂಬುದೇ ಅಷ್ಟಾಗಿ ತಟ್ಟಲಿಲ್ಲ. ಆ ವರ್ಷಗಳ ಮಾತು ಬಂದರೆ ನಮ್ಮಲ್ಲಿ ನೆನಪಾಗುವುದು ಬೋಫೋರ್ಸ್, ಇಲ್ಲವೇ ಭಾನುವಾರ ಬೆಳಿಗ್ಗೆ ದೂರದರ್ಶನದ ರಾಮಾಯಣ. ಟಿವಿಯಲ್ಲಿ ಕಪಿಸೇನೆ ಸೇತುವೆ ಕಟ್ಟಿ ಲಂಕೆಗೆ ಹೋದದ್ದನ್ನು ದೇಶವೆಲ್ಲ ಕಣ್ಣರಳಿಸಿ ನೋಡಿತು; ಅದೇ ತಿಂಗಳುಗಳಲ್ಲಿ ಅದೇ ದ್ವೀಪದಲ್ಲಿ ಸಾಯುತ್ತಿದ್ದ ನಮ್ಮ ಹುಡುಗರ ಸುದ್ದಿ ಒಳಪುಟಕ್ಕೆ ಸರಿದಿತ್ತು.

ಯಾರಿಗೂ ಬೇಡದ ಯುದ್ಧ, ಆತಿಥೇಯನೇ ಹೋಗು ಎನ್ನುತ್ತಿದ್ದಾನೆ. ಗಂಟುಮೂಟೆ ಕಟ್ಟಿ ಹೊರಡಲು ಕಷ್ಟವೇನಿತ್ತು? ಆದರೂ ಹೊರಡಲು ಹತ್ತು ತಿಂಗಳು ಹಿಡಿಯಿತು. ಇಡೀ ಕತೆಯಲ್ಲಿ ನನ್ನನ್ನು ಕಾಡುವುದು ಆ ಹತ್ತು ತಿಂಗಳೇ. ಹೋದದ್ದು ತಪ್ಪೋ ಸರಿಯೋ ಎಂಬ ಚರ್ಚೆ ಸಾಕಷ್ಟಾಗಿದೆ. ಹೊರಡುವುದೆಂದು ತೀರ್ಮಾನವಾದ ಮೇಲೆ, ಹೊರಡುವುದರೊಳಗೆ ಭಾರತ ಅಲ್ಲಿ ಮಾಡಿದ್ದೇನು ಎಂಬುದರ ಚರ್ಚೆ ನಮ್ಮಲ್ಲಿ ಆಗಿದ್ದು ಕಡಿಮೆ.

ಹೋದ ಬಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮಾರಣಹೋಮ ನಡೆದ ಮೇಲೆ ಭಾರತ ಹಲವು ತಮಿಳು ಗುಂಪುಗಳಿಗೆ ಗುಟ್ಟಾಗಿ ತರಬೇತಿಯನ್ನೂ ಆಯುಧವನ್ನೂ ಕೊಟ್ಟಿತು. 1987ರ ಮೇ ತಿಂಗಳಲ್ಲಿ ಶ್ರೀಲಂಕಾ ಸೇನೆ ವಡಮರಾಚ್ಚಿಯ ಮೇಲೆ ಏರಿಹೋದಾಗ ಜಾಫ್ನಾ ಕೈತಪ್ಪುವ ಹಾಗೆ ಕಂಡಿತು. ಭಾರತ ದೋಣಿಗಳಲ್ಲಿ ಅಕ್ಕಿ, ಔಷಧಿ ತುಂಬಿ ಕಳಿಸಿತು. ಲಂಕಾ ನೌಕಾಪಡೆ ಅವನ್ನು ಸಮುದ್ರದಲ್ಲೇ ತಡೆದು ವಾಪಸ್ ಅಟ್ಟಿತು. ಮರುದಿನ, ಜೂನ್ 4ರಂದು, ಐದು ಎಎನ್-32 ಸಾಗಣೆ ವಿಮಾನಗಳು ಬೆಂಗಳೂರಿನಿಂದ ಹಾರಿ, ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಜಾಫ್ನಾದ ಮೇಲೆ ಆಹಾರದ ಮೂಟೆ ಇಳಿಸಿ ಬಂದವು. ಮೂಟೆಯಲ್ಲಿದ್ದದ್ದು ಅಕ್ಕಿ ಬೇಳೆ. ಆದರೆ ಮೇಲೆ ಹಾರಿದ ಮಿರಾಜಿನ ಅರ್ಥ ಜಯವರ್ಧನೆಗೆ ಚೆನ್ನಾಗಿಯೇ ಆಯಿತು. ಎರಡು ತಿಂಗಳೊಳಗೆ ಒಪ್ಪಂದವಾಯಿತು. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳನ್ನು ಸೇರಿಸಿ ಚುನಾಯಿತ ಪರಿಷತ್ತಿಗೆ ಅಧಿಕಾರ, ತಮಿಳು ಹುಲಿಗಳಿಂದ, ಅಂದರೆ ಎಲ್‌ಟಿಟಿಇಯಿಂದ, ಶಸ್ತ್ರ ವಶ, ಎಲ್ಲಕ್ಕೂ ಭಾರತದ ಜಾಮೀನು.

ಈ ಕಾಗದಕ್ಕೆ ಎಲ್‌ಟಿಟಿಇ ಸಹಿ ಇರಲಿಲ್ಲ. ಅದರ ನಾಯಕ ವೇಲುಪಿಳ್ಳೈ ಪ್ರಭಾಕರನ್ ಅವರನ್ನು ದೆಹಲಿಯ ಅಶೋಕಾ ಹೋಟೆಲಿನಲ್ಲಿ ಇರಿಸಿಕೊಂಡು ಒಪ್ಪಿಸುವ ಪ್ರಯತ್ನ ನಡೆಯಿತು. ಅರೆಮನಸ್ಸಿನ ಹ್ಞೂಂಕಾರವೊಂದು ಸಿಕ್ಕಿತೇ ಹೊರತು ಒಪ್ಪಿಗೆ ಸಿಗಲಿಲ್ಲ. ಸಹಿಯಾದ ಮರುದಿನ ಕೊಲಂಬೊದಲ್ಲಿ ಗೌರವ ವಂದನೆ ಸ್ವೀಕರಿಸುತ್ತಿದ್ದ ರಾಜೀವ್ ಮೇಲೆ ಸಾಲಿನಲ್ಲಿ ನಿಂತಿದ್ದ ನಾವಿಕನೊಬ್ಬ ಬಂದೂಕನ್ನು ತಿರುಗಿಸಿ ಬೀಸಿದ. ರಾಜೀವ್ ಬಗ್ಗಿದ್ದರಿಂದ ಏಟು ತಲೆಗೆ ಬೀಳದೆ ಭುಜಕ್ಕೆ ತಗುಲಿತು.

ಸೆಪ್ಟೆಂಬರಿನಲ್ಲಿ ನಲ್ಲೂರು ಕಂದಸ್ವಾಮಿ ದೇವಸ್ಥಾನದ ಬಳಿ ಹುಲಿಗಳ ತಿಲೀಪನ್ ನೀರೂ ಮುಟ್ಟದೆ ಉಪವಾಸ ಕೂತು, 26ರಂದು ಪ್ರಾಣ ಬಿಟ್ಟ. ಎದುರಾಳಿ ಸತ್ಯಾಗ್ರಹಕ್ಕೆ ಕೂತರೆ ಏನು ಮಾಡಬೇಕೆಂದು ಗಾಂಧಿಯ ದೇಶದ ಸೇನೆಗೆ ತೋಚಲಿಲ್ಲ. ಅಕ್ಟೋಬರ್ ಮೊದಲ ವಾರ ಲಂಕಾ ನೌಕಾಪಡೆ ಸಮುದ್ರದಲ್ಲಿ ಹಿಡಿದ ಹದಿನೇಳು ಹುಲಿಗಳನ್ನು ಕೊಲಂಬೊಗೆ ಒಯ್ಯಲು ಹೊರಟಾಗ ಅವರು ಸಯನೈಡ್ ಕಚ್ಚಿದರು. ಹನ್ನೆರಡು ಮಂದಿ ಸತ್ತರು. ಅಕ್ಟೋಬರ್ 10ಕ್ಕೆ ಶಾಂತಿ ಕಾಯಲು ಹೋದ ಪಡೆ ಯುದ್ಧ ಶುರುಮಾಡಿತು.

ಆ ಯುದ್ಧದ ಎರಡನೇ ರಾತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜಾಫ್ನಾ ವಿಶ್ವವಿದ್ಯಾಲಯದ ಆವರಣದಲ್ಲಿ ಹುಲಿಗಳ ನಾಯಕರು ಸೇರಿದ್ದಾರೆಂಬ ಸುದ್ದಿಯ ಮೇಲೆ, ಹೆಲಿಕಾಪ್ಟರಿನಲ್ಲಿ ಇಳಿದು ಹಿಡಿಯುವ ಯೋಜನೆಯಾಯಿತು. ನಮ್ಮವರ ವೈರ್‌ಲೆಸ್ ಮಾತನ್ನು ಹುಲಿಗಳು ಆಗಲೇ ಕೇಳಿಸಿಕೊಂಡಿದ್ದರು. ಮೊದಲು ಕಮಾಂಡೊಗಳು ಇಳಿದರು. ಅವರ ಹಿಂದೆ 13ನೇ ಸಿಖ್ ಲಘು ಪದಾತಿದಳದ ಮೂವತ್ತು ಮಂದಿ ಮೈದಾನದಲ್ಲಿ ಇಳಿಯುವ ಹೊತ್ತಿಗೆ ಸುತ್ತಲ ಕಟ್ಟಡಗಳಿಂದ ಗುಂಡಿನ ಮಳೆ. ಹೆಲಿಕಾಪ್ಟರುಗಳಿಗೆ ಏಟು ಬಿದ್ದು, ಅವರ ಹಿಂದೆ ಬರಬೇಕಿದ್ದ ಉಳಿದ ತುಕಡಿ ಬರಲೇ ಇಲ್ಲ. ಕತ್ತಲಲ್ಲಿ, ಗುರುತಿಲ್ಲದ ಊರಿನ ಬಯಲಿನಲ್ಲಿ ಆ ಮೂವತ್ತು ಜನ ಬೆಳಗಾಗಿ ಹೊತ್ತೇರುವ ತನಕ ಹೋರಾಡಿದರು. ಗುಂಡು ಮುಗಿದ ಮೇಲೆ ಬಂದೂಕಿನ ತುದಿಯ ಚೂರಿ ಹಿಡಿದು ಎದ್ದರೆಂದು ಹೇಳುತ್ತಾರೆ. ಇಪ್ಪತ್ತೊಂಬತ್ತು ಮಂದಿ ಸತ್ತರು, ಒಬ್ಬ ಸೆರೆಸಿಕ್ಕ. ಆ ಹುಡುಗರಲ್ಲಿ ಯಾರಿಗೂ ಅಲ್ಲಿ ಯಾಕೆ ಸಾಯಬೇಕು ಎಂದು ಒಂದು ವಾಕ್ಯದಲ್ಲಿ ಹೇಳಲು ಬರುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಎರಡು ವಾರದ ಹಿಂದಿನವರೆಗೂ ಹುಲಿಗಳು ಅವರಿಗೆ ಶತ್ರುಗಳಾಗಿರಲಿಲ್ಲ.

ಹತ್ತು ದಿನ ಕಳೆದು, ದೀಪಾವಳಿಯಂದು, ಅದೇ ಸೇನೆ ಜಾಫ್ನಾದ ದೊಡ್ಡಾಸ್ಪತ್ರೆಗೆ ನುಗ್ಗಿತು. ಒಳಗಿಂದ ಹುಲಿಗಳು ಗುಂಡು ಹಾರಿಸಿದರು ಎಂಬುದು ಸೇನೆಯ ಸಮರ್ಥನೆ. ಸತ್ತವರು ವೈದ್ಯರು, ದಾದಿಯರು, ಸಿಬ್ಬಂದಿ, ಹಾಸಿಗೆ ಹಿಡಿದ ರೋಗಿಗಳು. ಸುಮಾರು ಅರವತ್ತರಿಂದ ಎಪ್ಪತ್ತು ಮಂದಿ. ಸ್ಟೆತಾಸ್ಕೋಪ್ ಹಾಕಿಕೊಂಡು, ಕೈ ಮೇಲೆತ್ತಿ, ತಾವು ಶರಣಾಗುತ್ತಿದ್ದೇವೆಂದು ಕೂಗುತ್ತ ಬಂದ ಮಕ್ಕಳ ತಜ್ಞರೊಬ್ಬರೂ ಗುಂಡಿಗೆ ಬಲಿಯಾದರು. ಸಿಖ್ ಹುಡುಗರ ಸಾವು ಮತ್ತು ಈ ಸಾವುಗಳ ಲೆಕ್ಕವನ್ನು ಒಂದಕ್ಕೊಂದು ವಜಾ ಹಾಕುವ ಚಟ ಎರಡೂ ಕಡೆಯವರಿಗಿದೆ. ಎರಡೂ ಅದೇ ಅಕ್ಟೋಬರಿನಲ್ಲಿ ಆದವು, ಎರಡೂ ನಮ್ಮ ಲೆಕ್ಕಕ್ಕೇ ಬರೆದಿರುವಂಥವು.

ಮುಂದಿನ ಒಂದು ವರ್ಷ ಸೇನೆ ಪಟ್ಟಣಗಳನ್ನು ಹಿಡಿಯಿತು, ಹುಲಿಗಳು ಕಾಡು ಹಿಡಿದರು. ಪಡೆಯ ಸಂಖ್ಯೆ ಎಪ್ಪತ್ತು ಸಾವಿರ ದಾಟಿತು. 1988ರ ನವೆಂಬರಿನಲ್ಲಿ ಭಾರತದ ಬಂದೂಕಿನ ನೆರಳಲ್ಲಿ ಪ್ರಾಂತೀಯ ಚುನಾವಣೆ ನಡೆಯಿತು. ಪೂರ್ವದಲ್ಲಿ ಜನ ಸಾಲುಗಟ್ಟಿ ನಿಂತು ಮತ ಹಾಕಿದ್ದು ನಿಜ. ಉತ್ತರದಲ್ಲಿ ಹುಲಿಗಳ ಬಹಿಷ್ಕಾರದಿಂದ ಮತದಾನವೇ ಇಲ್ಲದೆ ಅವಿರೋಧ ಆಯ್ಕೆಯಾಯಿತು. ಡಿಸೆಂಬರಿನಲ್ಲಿ ಹುಲಿಗಳಿಗೆ ಎದುರಾಗಿದ್ದ ತಮಿಳರ ಇಪಿಆರ್‌ಎಲ್‌ಎಫ್ ಪಕ್ಷದ ವರದರಾಜ ಪೆರುಮಾಳ್ ಟ್ರಿಂಕೋಮಲಿಯಲ್ಲಿ ಮುಖ್ಯಮಂತ್ರಿಯಾದರು. ಅರ್ಥಶಾಸ್ತ್ರ ಓದಿದವರು, ಭಾರತವನ್ನು ನಂಬಿದವರು. ಕೊಲಂಬೊ ಅವರಿಗೆ ಹಣ ಕೊಡಲಿಲ್ಲ, ಪೊಲೀಸ್ ಕೊಡಲಿಲ್ಲ. ಅವರ ಸರ್ಕಾರ ನಿಂತಿದ್ದು ಭಾರತದ ಸೈನ್ಯದ ಮೇಲೆ ಮಾತ್ರ.

ಪ್ರೇಮದಾಸರ ಗಡುವು ಬಂದದ್ದು ಈ ಸ್ಥಿತಿಯಲ್ಲಿ. ಅವರ ವಾದ ಸರಳ: ನಮ್ಮ ಅಧ್ಯಕ್ಷರು ಕರೆದರು, ಬಂದಿರಿ, ಈಗ ಅಧ್ಯಕ್ಷ ನಾನು, ಹೋಗಿ ಅನ್ನುತ್ತಿದ್ದೇನೆ. ಕಾನೂನಿನ ಕಣ್ಣಿನಲ್ಲಿ ಇದಕ್ಕೆ ಉತ್ತರ ಹುಡುಕುವುದು ಕಷ್ಟ. ಮನೆಯವನು ಬೇಡವೆಂದ ಮೇಲೂ ಕೂತ ಸೇನೆಗೆ ಶಾಂತಿಪಾಲನಾ ಪಡೆ ಎಂಬ ಹೆಸರು ಉಳಿಯುವುದಿಲ್ಲ. ರಾಜೀವ್ ಬರೆದ ಉತ್ತರಗಳ ಸಾರ ಹೀಗಿತ್ತು: ಸೇನೆ ಬಂದದ್ದು ಒಪ್ಪಂದದ ಜಾಮೀನಾಗಿ, ತಮಿಳರಿಗೆ ಅಧಿಕಾರ ಹಂಚುವ ಮಾತು ನೀವು ನಡೆಸಿಲ್ಲ, ಅಲ್ಲಿನ ಜನರ ರಕ್ಷಣೆಗೆ ವ್ಯವಸ್ಥೆಯಾಗದೆ ನಾವು ಹೊರಟರೆ ಆಗುವ ಅನಾಹುತಕ್ಕೆ ಯಾರು ಹೊಣೆ? ವಾಪಸಾತಿಯೂ ಅಧಿಕಾರ ಹಂಚಿಕೆಯೂ ಜೊತೆಜೊತೆಗೆ ಆಗಲಿ.

ರಾಜೀವ್ ವಾದದಲ್ಲಿ ನ್ಯಾಯವಿತ್ತು. ಜೊತೆಗೆ ಪ್ರತಿಷ್ಠೆಯೂ ಇತ್ತು, ಕಣ್ಣೆದುರಿಗೆ ಲೋಕಸಭಾ ಚುನಾವಣೆಯೂ ಇತ್ತು. ಬರಿಗೈಯಲ್ಲಿ ಓಡಿಬಂದರು ಅನ್ನಿಸಿಕೊಳ್ಳಲು ಯಾವ ಪ್ರಧಾನಿಯೂ ತಯಾರಿರುವುದಿಲ್ಲ. ಒಂದೇ ಬಾಯಿಂದ ಬರುವ ನ್ಯಾಯದ ಮಾತನ್ನೂ ಪ್ರತಿಷ್ಠೆಯ ಮಾತನ್ನೂ ಬೇರ್ಪಡಿಸುವುದು ಕಷ್ಟ. ಹೇಳುವವನಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಇತ್ತ ಪ್ರೇಮದಾಸರ ಸಾರ್ವಭೌಮತ್ವದ ಮಾತೂ ಅಷ್ಟೇನೂ ಶುದ್ಧವಾಗಿರಲಿಲ್ಲ. ಅದೇ ಹೊತ್ತಿನಲ್ಲಿ ಅವರ ಸರ್ಕಾರ ಕೊಲಂಬೊದ ಹೋಟೆಲಿನಲ್ಲಿ ಹುಲಿಗಳ ಪ್ರತಿನಿಧಿ ಆಂಟನ್ ಬಾಲಸಿಂಗಂ ಜೊತೆ ಮಾತುಕತೆ ನಡೆಸಿತ್ತು, ಗುಟ್ಟಾಗಿ ಹುಲಿಗಳಿಗೆ ಆಯುಧವನ್ನೂ ಕೊಡುತ್ತಿತ್ತು, ಭಾರತದ ಸೇನೆಯ ಮೇಲೆ ಬಳಸಲು. ಶ್ರೀಲಂಕಾದ ಸೈನಿಕರನ್ನು ಅವೇ ಆಯುಧಗಳು ಕೊಲ್ಲಲು ಒಂದು ವರ್ಷವೂ ಬೇಕಾಗಲಿಲ್ಲ.

ಹುಲಿಗಳಿಗೆ ಲೆಕ್ಕ ಸ್ಪಷ್ಟವಿತ್ತು. ಜುಲೈ 13ರಂದು, ಕೊಲಂಬೊದ ಮನೆಯೊಂದರಲ್ಲಿ, ಮಾತಾಡಲು ಬಂದವರಂತೆ ಬಂದು ಚಹಾ ಕುಡಿದು, ತಮಿಳರ ಹಿರಿಯ ಸಂಸದೀಯ ನಾಯಕ ಎ. ಅಮೃತಲಿಂಗಂ ಮತ್ತು ಅವರ ಸಂಗಡಿಗ ಯೋಗೇಶ್ವರನ್ ಅವರನ್ನು ಕೊಂದರು. ಭಾರತ ಹೋದ ಮೇಲೆ ತಮಿಳರ ಪರವಾಗಿ ಮಾತಾಡಲು ತಮ್ಮನ್ನು ಬಿಟ್ಟು ಯಾರೂ ಉಳಿದಿರಬಾರದು.

ಜುಲೈ 28ರ ತನಕ ಹಗ್ಗಜಗ್ಗಾಟ ನಡೆದು, ಮಾನ ಉಳಿಸಿಕೊಳ್ಳುವ ದಾರಿಯೊಂದು ಸಿಕ್ಕಿತು: 29ರಂದು ಸುಮಾರು ಆರುನೂರು ಸೈನಿಕರು ಹಡಗು ಹತ್ತಿದರು, ಉಳಿದವರ ವಿಷಯ ಆಮೇಲೆ. ನಾಲ್ಕೇ ದಿನದಲ್ಲಿ, ಆಗಸ್ಟ್ 2ರಂದು, ಪ್ರಭಾಕರನ್ ಹುಟ್ಟೂರು ವಾಲ್ವೆಟ್ಟಿತುರೈಯಲ್ಲಿ ಹುಲಿಗಳ ಹೊಂಚಿಗೆ ಆರು ಭಾರತೀಯ ಸೈನಿಕರು ಬಲಿಯಾದರು. ಸಿಟ್ಟಿಗೆದ್ದ ಪಡೆ ಪೇಟೆಗೂ ಮನೆಗಳಿಗೂ ನುಗ್ಗಿ ಐವತ್ತಕ್ಕೂ ಹೆಚ್ಚು ನಾಗರಿಕರನ್ನು ಕೊಂದಿತು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಇದನ್ನು ವಿಯೆಟ್ನಾಮಿನ ಮೈ ಲಾಯ್ ಹತ್ಯಾಕಾಂಡಕ್ಕೆ ಹೋಲಿಸಿ ಗಟ್ಟಿಯಾಗಿ ಮಾತಾಡಿದರು. ಹಾಗೆ ಮಾತಾಡಿದ ಭಾರತೀಯ ನಾಯಕರನ್ನು ಬೆರಳಲ್ಲಿ ಎಣಿಸಬಹುದು.

ವಾಲ್ವೆಟ್ಟಿತುರೈ ಸುದ್ದಿ ಓದಿದ ಯಾರಿಗಾದರೂ ಈ ಸೇನೆ ನಾಳೆಯೇ ಹೊರಡಲಿ ಅನ್ನಿಸುವುದು ಸಹಜ. ಜಾಫ್ನಾದಲ್ಲಿ ಈ ಯುದ್ಧವನ್ನು ಕಣ್ಣಾರೆ ಕಂಡು ಬರೆದುಕೊಳ್ಳುತ್ತಿದ್ದ ರಜನಿ ತಿರಣಗಮ ಅವರಿಗೆ ವಿಷಯ ಅಷ್ಟು ಸಲೀಸಾಗಿರಲಿಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕಿ, ಮೂವತ್ತೈದು ವರ್ಷ, ಇಬ್ಬರು ಹೆಣ್ಣುಮಕ್ಕಳ ತಾಯಿ. ಒಂದು ಕಾಲಕ್ಕೆ ಹುಲಿಗಳಿಗೆ ಹತ್ತಿರವಿದ್ದು, ಕಂಡದ್ದು ಸರಿಬಾರದೆ ದೂರವಾದವರು. ಇಂಗ್ಲೆಂಡಿನಲ್ಲಿ ಓದು ಮುಗಿಸಿ, ಅಲ್ಲೇ ಉಳಿಯಬಹುದಾಗಿದ್ದರೂ ಜಾಫ್ನಾಕ್ಕೆ ವಾಪಸು ಬಂದರು. ಮೂವರು ಸಹೋದ್ಯೋಗಿಗಳ ಜೊತೆ ಸೇರಿ ಅವರು ಬರೆದ ‘ದಿ ಬ್ರೋಕನ್ ಪಾಲ್ಮೈರಾ’ ಪುಸ್ತಕದಲ್ಲಿ ಭಾರತದ ಸೇನೆಯ ಅತ್ಯಾಚಾರಗಳ ದಾಖಲೆಯಿದೆ, ಹುಲಿಗಳ ಕೊಲೆಗಳ ದಾಖಲೆಯಿದೆ, ಇಪಿಆರ್‌ಎಲ್‌ಎಫ್ ಗುಂಪಿನ ದಬ್ಬಾಳಿಕೆಯ ದಾಖಲೆಯೂ ಇದೆ. ಯಾವ ಬಂದೂಕಿಗೂ ರಿಯಾಯಿತಿಯಿಲ್ಲ.

1989ರ ಸೆಪ್ಟೆಂಬರ್ 18ರಂದು ಭಾರತ ಮತ್ತು ಶ್ರೀಲಂಕಾ ಎರಡೂ ಭಾರತದ ಸೇನೆಯ ವಾಪಸಾತಿಯ ಕಾಲಪಟ್ಟಿಗೆ ಒಪ್ಪಿದವು. ವರ್ಷದ ಕೊನೆಗೆ ಮುಗಿಸುವ ಪ್ರಯತ್ನ ಎಂದು ಬರೆದುಕೊಂಡರು. ಮೂರು ದಿನ ಕಳೆದು, 21ರ ಸಂಜೆ, ವಿದ್ಯಾರ್ಥಿಗಳ ಪರೀಕ್ಷೆಯ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟ ರಜನಿಯವರನ್ನು ಮನೆ ಹತ್ತಿರದ ರಸ್ತೆಯಲ್ಲಿ ಗುಂಡಿಕ್ಕಿ ಕೊಂದರು. ಅದು ಹುಲಿಗಳ ಕೆಲಸವೆಂದು ಅವರ ಸಂಗಡಿಗರು, ಮನೆಯವರು ನಂಬಿದ್ದಾರೆ. ಸೇನೆ ಹೊರಡಲಿ ಎನ್ನುವವರಿಗೂ ಇರಲಿ ಎನ್ನುವವರಿಗೂ ಆಕೆ ಸಾಕ್ಷಿ ಹೇಳಬಲ್ಲವರಾಗಿದ್ದರು.

ಈಗ ಆ ಹತ್ತು ತಿಂಗಳ ಮುಖ್ಯ ಸಂಗತಿಗೆ ಬರುತ್ತೇನೆ. ತಾನು ಹೊರಟ ಮೇಲೆ ಪೆರುಮಾಳ್ ಸರ್ಕಾರ ಒಂದು ವಾರವೂ ನಿಲ್ಲುವುದಿಲ್ಲ ಎಂದು ಭಾರತಕ್ಕೆ ಗೊತ್ತಿತ್ತು. ಅದಕ್ಕೆ ಹೂಡಿದ ಉಪಾಯ ತಮಿಳು ರಾಷ್ಟ್ರೀಯ ಸೇನೆ. ಕಾಗದದ ಮೇಲೆ ಸ್ವಯಂಸೇವಕರ ದಳ. ಆದರೆ ಸ್ವಯಂಸೇವಕರು ಎಲ್ಲಿಂದ ಬರಬೇಕು? 1989ರ ನಡುವಿನಿಂದ ಇಪಿಆರ್‌ಎಲ್‌ಎಫ್ ಮತ್ತು ಅದರ ಜೊತೆಗಿನ ಗುಂಪುಗಳ ಜನ ಬೀದಿ ಬೀದಿಯಲ್ಲಿ ಹುಡುಗರನ್ನು ಹಿಡಿಯತೊಡಗಿದರು. ಟ್ಯೂಷನ್ನಿಗೆ ಹೊರಟವನು, ಬಸ್ಸಿಗೆ ಕಾದು ನಿಂತವನು, ಅಂಗಡಿಗೆ ಹೋದವನು. ಹದಿನೈದು ಹದಿನಾರು ವರ್ಷದವರೂ ಸಿಕ್ಕಿಬಿದ್ದರು. ತಾಯಂದಿರು ಸೇನೆಯ ಕ್ಯಾಂಪುಗಳ ಗೇಟಿನಲ್ಲಿ ನಿಂತು ಗೋಗರೆದರು. ಕೈಯಲ್ಲಿ ಕಾಸಿದ್ದವರು ಮಕ್ಕಳನ್ನು ಕೊಲಂಬೊಗೆ ಸಾಗಿಸಿದರು. ತಮಿಳರ ಹುಡುಗರಿಗೆ 1983ರ ಕೊಲಂಬೊವೇ ಸುರಕ್ಷಿತ ಜಾಗವಾದದ್ದು ಆಗ. ಹಿಡಿದು ತಂದವರ ತಲೆ ಬೋಳಿಸಿ, ಓಡಿಹೋದರೆ ಗುರುತು ಸಿಗಲೆಂದು, ಕೆಲವೇ ವಾರಗಳ ತರಬೇತಿ ಕೊಟ್ಟು, ಭಾರತ ಕೊಟ್ಟ ಬಂದೂಕು ಕೈಗಿತ್ತರು.

ಈ ಕೆಲಸವನ್ನು ಮಾಡಿಸಿದವರಿಗೆ ಅದರ ಗತಿ ಗೊತ್ತಿರಲಿಲ್ಲ ಎಂದರೆ ನಾನು ನಂಬಲಾರೆ. ಎಪ್ಪತ್ತು ಸಾವಿರ ಸೈನಿಕರು ಎರಡು ವರ್ಷ ಹೋರಾಡಿಯೂ ಮಣಿಸಲಾಗದ ಹುಲಿಗಳನ್ನು ಈ ಮಕ್ಕಳು ತಡೆಯುತ್ತಾರೆಂದು ಯಾವ ದಂಡನಾಯಕ ಲೆಕ್ಕ ಹಾಕಿರಬಹುದು? ಸೇನೆ ಹೊರಟಾಗ ಹಿಂದೆ ಏನೋ ಒಂದು ವ್ಯವಸ್ಥೆ ಇದೆ ಎಂದು ತೋರಿಸಬೇಕಿತ್ತು. ಗೌರವದಿಂದ ಹೊರಟೆವು ಎನ್ನಲು ಒಂದು ನೆಪ ಬೇಕಿತ್ತು, ಆ ನೆಪಕ್ಕೆ ಊರ ಹುಡುಗರ ಜೀವ ಅಡ ಇಟ್ಟರು.

ನವೆಂಬರಿನಲ್ಲಿ ಸೇನೆ ಪೂರ್ವದ ಅಂಪಾರೈ ಜಿಲ್ಲೆಯಿಂದ ಕಾಲ್ತೆಗೆಯಿತು. ಹುಲಿಗಳು ಆ ಕೂಡಲೇ ತಮಿಳು ರಾಷ್ಟ್ರೀಯ ಸೇನೆಯ ಶಿಬಿರಗಳ ಮೇಲೆ ಬಿದ್ದರು. ಎಷ್ಟೋ ಹುಡುಗರು ಗುಂಡು ಹಾರಿಸದೆ ಕೈ ಮೇಲೆತ್ತಿದರು. ಬಲವಂತಕ್ಕೆ ಬಂದವರು, ಬಿಟ್ಟಾರು ಎಂದುಕೊಂಡಿದ್ದರು. ಕೆಲವರನ್ನು ಬಿಟ್ಟರು, ಬಹಳಷ್ಟು ಮಂದಿಯನ್ನು ಸಾಲಾಗಿ ನಿಲ್ಲಿಸಿ ಕೊಂದರು. ಸೇನೆ ಒಂದೊಂದೇ ಜಿಲ್ಲೆ ಖಾಲಿ ಮಾಡುತ್ತ ಬಂದಂತೆ ಬಟ್ಟಿಕಲೋವಾ, ವವುನಿಯಾ, ಮನ್ನಾರ್, ಜಾಫ್ನಾ ಎಲ್ಲೆಡೆ ಅದೇ ಕತೆಯಾಯಿತು. ಭಾರತ ಕೊಟ್ಟ ಬಂದೂಕುಗಳು ರಾಶಿರಾಶಿಯಾಗಿ ಹುಲಿಗಳ ಕೈ ಸೇರಿದವು.

1962ರಲ್ಲಿ ಫ್ರಾನ್ಸ್ ಅಲ್ಜೀರಿಯಾ ಬಿಟ್ಟದ್ದನ್ನು ಓದಿದವರಿಗೆ ಇದು ಗುರುತು ಹತ್ತುತ್ತದೆ. ಅಲ್ಲಿ ಫ್ರೆಂಚರ ಪರವಾಗಿ ಬಂದೂಕು ಹಿಡಿದ ಸ್ಥಳೀಯರಿಗೆ ಹರ್ಕಿಗಳೆಂದು ಹೆಸರು. ಅವರನ್ನು ಫ್ರಾನ್ಸಿಗೆ ಕರೆತರಬೇಡಿ ಎಂದು ಪ್ಯಾರಿಸ್ಸಿನಿಂದ ಆಜ್ಞೆ ಹೋಯಿತು. ಕೆಲವು ಅಧಿಕಾರಿಗಳು ಆಜ್ಞೆ ಮೀರಿ ತಮ್ಮ ಹರ್ಕಿಗಳನ್ನು ಸಂಸಾರಸಮೇತ ಹಡಗು ಹತ್ತಿಸಿದರು. ಉಳಿದ ಸಾವಿರಾರು ಮಂದಿಯನ್ನು ಅವರ ಊರಲ್ಲೇ ಕೊಂದರು. ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ಅಲ್ಜೀರಿಯಾ ಬಿಟ್ಟದ್ದು ಸರಿ ಎನ್ನುವ ಇತಿಹಾಸಕಾರರಲ್ಲೂ ಹರ್ಕಿಗಳನ್ನು ಬಿಟ್ಟದ್ದು ಸರಿ ಎನ್ನುವವರು ಕಡಿಮೆ. ಅಂದರೆ ಈ ಎರಡು ತೀರ್ಮಾನಗಳನ್ನು ಬೇರೆಬೇರೆಯಾಗಿ ತೂಗಲು ಬರುತ್ತದೆ. ನಮ್ಮಲ್ಲಿ ಎರಡನ್ನೂ ಒಂದೇ ಗಂಟು ಮಾಡಿ, ಒಟ್ಟು ಅದೊಂದು ದುಸ್ಸಾಹಸ ಎಂದು ಕಪಾಟಿಗೆ ಸೇರಿಸಿದ್ದೇವೆ.

ನವೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜೀವ್ ಪಕ್ಷ ಸೋತಿತು. ಡಿಸೆಂಬರ್ 2ರಂದು ವಿ.ಪಿ. ಸಿಂಗ್ ಪ್ರಧಾನಿಯಾದರು, ಅವರ ಮಿತ್ರಪಕ್ಷಗಳಲ್ಲಿ ತಮಿಳುನಾಡಿನ ಡಿಎಂಕೆ ಇತ್ತು, ಸಂಪುಟದಲ್ಲಿ ಜಾರ್ಜ್ ಫರ್ನಾಂಡಿಸ್ ಇದ್ದರು. ಹೊಸ ಸರ್ಕಾರಕ್ಕೆ ಈ ಯುದ್ಧದ ಮುಲಾಜಿರಲಿಲ್ಲ. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಮಾರ್ಚ್ 31ರೊಳಗೆ ಮುಗಿಸುವುದಾಗಿ ಹೇಳಿದರು, ಹೇಳಿದ್ದಕ್ಕಿಂತ ಮೊದಲೇ ಮುಗಿಸಿದರು. ರಾಜೀವ್ ಹಾಕಿದ್ದ ಷರತ್ತುಗಳ ಮಾತೇ ಬರಲಿಲ್ಲ. ಇನ್ನೊಂದು ವರ್ಷ ಕೂತಿದ್ದರೆ ಇನ್ನೆಷ್ಟು ವಾಲ್ವೆಟ್ಟಿತುರೈ ಆಗುತ್ತಿದ್ದವೋ, ಇನ್ನೆಷ್ಟು ಶವಪೆಟ್ಟಿಗೆ ಬರುತ್ತಿದ್ದವೋ. ಈ ತೀರ್ಮಾನದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಆ ಮೂರು ತಿಂಗಳಲ್ಲಿ ತಮಿಳು ರಾಷ್ಟ್ರೀಯ ಸೇನೆಯನ್ನು ವಿಸರ್ಜಿಸಿ, ಹುಡುಗರ ಬಂದೂಕು ಕಿತ್ತು ಮನೆಗೆ ಕಳಿಸಲೋ ಹಡಗು ಹತ್ತಿಸಲೋ ಮನಸ್ಸು ಮಾಡಿದ್ದರೆ ಅದಕ್ಕೆ ತಡೆಯೇನೂ ಇರಲಿಲ್ಲ.

ಕೆಲವರು ಹಡಗು ಹತ್ತಿದರು. ಮಾರ್ಚ್ 1ರಂದು ಪೆರುಮಾಳ್ ತಮ್ಮ ಪರಿಷತ್ತಿನಲ್ಲಿ ಸ್ವತಂತ್ರ ಈಳಂ ಕಡೆಗೆ ನಿರ್ಣಯವೊಂದನ್ನು ಮಂಡಿಸಿದರು. ಭಾರತವನ್ನು ನಂಬಿ ಎರಡು ವರ್ಷ ಒಂದೇ ಲಂಕೆ ಎಂದ ಮನುಷ್ಯ, ಕೊನೆಯ ಗಳಿಗೆಯಲ್ಲಿ ಪ್ರಭಾಕರನ್ ಘೋಷಣೆಯನ್ನು ತಾನೇ ಕೂಗಿದ್ದು ಹತಾಶೆಗೆ ಮಾತ್ರ. ಕೆಲವೇ ದಿನಗಳಲ್ಲಿ ಅವರು ಸಂಸಾರದೊಂದಿಗೆ ಭಾರತಕ್ಕೆ ಬಂದು, ಭದ್ರತೆಯ ಕಾರಣಕ್ಕೆ ವರ್ಷಗಟ್ಟಲೆ ಉತ್ತರ ಭಾರತದಲ್ಲಿ ಅಜ್ಞಾತವಾಗಿ ಬದುಕಿದರು. ಪಕ್ಷದ ನೂರಾರು ಕಾರ್ಯಕರ್ತರು, ಹೆಂಗಸರು ಮಕ್ಕಳ ಸಮೇತ, ಹಡಗುಗಳಲ್ಲಿ ಬಂದರು. ತಮಿಳುನಾಡು ಸರ್ಕಾರಕ್ಕೆ ಅವರು ಬೇಡವಾಗಿದ್ದರು. ತಮಿಳು ಬಿಟ್ಟು ಬೇರೆ ಭಾಷೆ ಬಾರದ ಆ ಜನರನ್ನು ಒಡಿಶಾದ ಮಲ್ಕಾನ್‌ಗಿರಿಯ ಕಾಡಿನ ಶಿಬಿರಕ್ಕೆ ಕಳಿಸಲಾಯಿತು.

1990ರ ಮಾರ್ಚ್ 24ರಂದು ಟ್ರಿಂಕೋಮಲಿ ಬಂದರಿನಿಂದ ಕೊನೆಯ ತುಕಡಿ ಹೊರಟಿತು. ಮದ್ರಾಸಿನಲ್ಲಿ ಹಡಗುಗಳು ಬಂದಿಳಿದಾಗ ಮುಖ್ಯಮಂತ್ರಿ ಎಂ. ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ತಮಿಳರನ್ನು ಕೊಂದ ಸೇನೆಯನ್ನು ಬರಮಾಡಿಕೊಳ್ಳಲಾರೆ ಎಂಬುದು ಅವರ ನಿಲುವು. ಅದರ ಬಗ್ಗೆ ಸೇನೆಯವರಿಗೆ ಇವತ್ತಿಗೂ ನೋವಿದೆ. ನೋವು ನ್ಯಾಯವಾದದ್ದೇ. ಯುದ್ಧ ಆರಿಸಿಕೊಂಡದ್ದು ಜವಾನನಲ್ಲ, ಸುಮಾರು 1,200 ಸಂಗಡಿಗರನ್ನು ಕಳಕೊಂಡು ಬಂದವನು ಅವನು. ಆದರೆ ಕರುಣಾನಿಧಿ ಹೇಳಿದ್ದರಲ್ಲಿ ಜಾಫ್ನಾ ಆಸ್ಪತ್ರೆಯೂ ಇತ್ತು. ದೆಹಲಿಯ ಯಾವ ಸಚಿವರೂ ಆ ಆಸ್ಪತ್ರೆಯ ಹೆಸರು ಎತ್ತದಿದ್ದಾಗ ಅದು ಮದ್ರಾಸಿನ ರಾಜಕಾರಣವಾಗಿ ಹೊರಬಂತು.

ಆಮೇಲಿನದು ಬೇಗಬೇಗ ನಡೆಯಿತು. ಜೂನ್ ಹೊತ್ತಿಗೆ ಪ್ರೇಮದಾಸ ಮತ್ತು ಹುಲಿಗಳ ಮಧುಚಂದ್ರ ಮುಗಿದಿತ್ತು. ಪೂರ್ವದಲ್ಲಿ ಮೇಲಿನವರ ಅಪ್ಪಣೆಯಂತೆ ಶರಣಾದ ಆರುನೂರಕ್ಕೂ ಹೆಚ್ಚು ಪೊಲೀಸರನ್ನು ಹುಲಿಗಳು ಕೊಂದರು. ಜೂನ್ 19ರಂದು ಮದ್ರಾಸಿನ ಕೋಡಂಬಾಕ್ಕಂ ಮನೆಯಲ್ಲಿ ಇಪಿಆರ್‌ಎಲ್‌ಎಫ್ ನಾಯಕ ಪದ್ಮನಾಭ ಮತ್ತು ಸಂಗಡಿಗರು ಗುಂಡು, ಗ್ರೆನೇಡುಗಳಿಗೆ ಬಲಿಯಾದರು. ಭಾರತದ ನೆಲದಲ್ಲೂ ಅವರಿಗೆ ರಕ್ಷಣೆ ಸಿಗಲಿಲ್ಲ. ಆಗಸ್ಟಿನಲ್ಲಿ ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ನಮಾಜಿಗೆ ಬಾಗಿದ್ದವರ ಮೇಲೆ ಗುಂಡು. ಅಕ್ಟೋಬರಿನಲ್ಲಿ ಉತ್ತರದ ಮುಸ್ಲಿಮರನ್ನೆಲ್ಲ ಉಟ್ಟ ಬಟ್ಟೆಯಲ್ಲಿ ಹೊರಗಟ್ಟಿದರು. 1991ರ ಮೇ 21, ಶ್ರೀಪೆರಂಬುದೂರು. ರಾಜೀವ್ ಹತ್ಯೆಯ ರೂವಾರಿ ಶಿವರಸನ್ ಕರ್ನಾಟಕಕ್ಕೆ ಬಂದು ಅಡಗಿದ. ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಅವನೂ ಅವನ ಸಂಗಡಿಗರೂ ಹೆಣವಾದಾಗಷ್ಟೇ ನಮ್ಮ ಬಹುಪಾಲು ಜನಕ್ಕೆ ಈ ಯುದ್ಧ ನಿಜವಾಗಿ ಕಣ್ಣಿಗೆ ಬಿದ್ದದ್ದು. 1993ರ ಮೇ ದಿನದ ಮೆರವಣಿಗೆಯಲ್ಲಿ ಪ್ರೇಮದಾಸರೂ ಆತ್ಮಾಹುತಿ ಬಾಂಬಿಗೆ ಬಲಿಯಾದರು.

ರಾಜೀವ್ ತಮ್ಮ ಪತ್ರಗಳಲ್ಲಿ ಹೇಳಿದ ಅನಾಹುತ ಹೀಗೆ ಅಕ್ಷರಶಃ ನಡೆಯಿತು. ಹಾಗೆಂದು ಸೇನೆ ಅಲ್ಲೇ ಇರಬೇಕಿತ್ತು ಎಂದು ವಾದಿಸುವವರಿದ್ದಾರೆ. ಎಷ್ಟು ವರ್ಷ ಎಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ಒಪ್ಪಂದದಿಂದ ಬಂದ ಹದಿಮೂರನೇ ತಿದ್ದುಪಡಿ ಶ್ರೀಲಂಕಾ ಸಂವಿಧಾನದಲ್ಲಿ ಇವತ್ತೂ ಇದೆ, ಭೂಮಿ ಮತ್ತು ಪೊಲೀಸ್ ಅಧಿಕಾರ ಪ್ರಾಂತ್ಯಗಳ ಕೈಗೆ ಇವತ್ತೂ ಬಂದಿಲ್ಲ. ಅದಾಗುವ ತನಕ ಕಾಯುವುದಾಗಿದ್ದರೆ ನಮ್ಮ ಸೇನೆ ಈಗಲೂ ಜಾಫ್ನಾದಲ್ಲಿರಬೇಕಿತ್ತು.

ದೆಹಲಿ ಈ ಯುದ್ಧದಿಂದ ಕಲಿತದ್ದು ಹತ್ತು ವರ್ಷ ಕಳೆದು ಗೊತ್ತಾಯಿತು. 2000ದ ಏಪ್ರಿಲಿನಲ್ಲಿ ಹುಲಿಗಳು ಆನೆಯಿರವು (ಎಲಿಫೆಂಟ್ ಪಾಸ್) ಠಾಣೆಯನ್ನು ಹಿಡಿದರು. ಜಾಫ್ನಾದಲ್ಲಿ ಶ್ರೀಲಂಕಾದ ಸಾವಿರಾರು ಸೈನಿಕರು ನೆಲದ ದಾರಿ ಕಡಿದು ಸಿಕ್ಕಿಬಿದ್ದರು, ಭಾರತದ ಸೇನೆಯನ್ನು ಹೊರಗಟ್ಟಿದ್ದ ಕೊಲಂಬೊ ಈಗ ಭಾರತದ ನೆರವು ಕೇಳಿತು. ವಾಜಪೇಯಿ ಸರ್ಕಾರ ಸೇನೆ ಕಳಿಸುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿತು. ಆಗ ರಕ್ಷಣಾ ಸಚಿವರಾಗಿದ್ದವರು ಜಾರ್ಜ್ ಫರ್ನಾಂಡಿಸ್.